ಹಂಚು ಕಾಯೂದ್ರಾಗ ಒಂದು ಕೀರ್ತನೆ

ನವೆಂಬರದಾಗ ಧಾರೂರ ಜಾತ್ರಿಗಿ ಹೋಗಿ ಬಂದ ಮ್ಯಾಲ ನಮ್ಮ ಕಮಠಾಣದಾಗ ಒಂದ್ ಹದಿನೈದು ದಿನ ನೋಡಬೇಕ್ರಿ. ಮುಂಜಾನಿ ನಾಕಕ್ಕೇ ಮನಿ ಮನಿಯಾಗ ಹಾಡು, ಪ್ರಾರ್ಥನೆ. ಕ್ರಿಸ್ಮಸ್ ಮುಗೀತಂದ್ರ ಎಲ್ಲಾ ತಣ್ಣಗ. ಆಮ್ಯಾಲ ನನಗ ಕೇಳ್ತಾರ, "ಅಕ್ಕಾ, ನೀವು ದಿನಾ ಹ್ಯಾಂಗ ನಡಸ್ತೀರಿ? ನಮಗ ಟೈಮೇ ಸಿಗಲ್ಲ."

ಟೈಮ್ ನನಗೂ ಸಿಗಲ್ಲ. ಅದ್ಕೇ ಬ್ಯಾರೆ ಟೈಮ್ ಹುಡುಕ್ಲಿಕ್ಕ ಹೋಗಿಲ್ಲ. ಒಲಿ ಮ್ಯಾಲ ರೊಟ್ಟಿ ಹಂಚು ಇಟ್ಟು, ಅದು ಕಾಯೂ ತನಕ ಒಂದು ಕೀರ್ತನೆ ಓದ್ತೀನಿ. ಕೈಯೆಲ್ಲ ಹಿಟ್ಟಾಗಿರ್ತದಂತ ಪುಸ್ತಕ ಮೊದ್ಲೇ ತೆರೆದು ಇಟ್ಟಿರ್ತೀನಿ. 119ನೇ ಕೀರ್ತನೆ ಪೂರಾ ಓದ್ತೀನಂದ್ರ ಹಂಚು ಕರ್ರಗಾಗ್ತದ, ಅದರಾಗ 176 ವಚನ ಅವ! ದಿನಕ್ಕ ಎಂಟು ವಚನ ಓದಿದ್ರ 22 ದಿನಕ್ಕ ಮುಗೀತದ. ಜ್ಞಾನೋಕ್ತಿಗಳು ಪುಸ್ತಕದಾಗ 31 ಅಧ್ಯಾಯ. ಕ್ಯಾಲೆಂಡರ್ ನೋಡಿ ಅವತ್ತಿನ ತಾರೀಖಿನ ಅಧ್ಯಾಯ, ಬ್ಯಾಳಿ ಕುದಿಯೂದ್ರಾಗ. ಒಂದಿನ ತಪ್ಪಿದ್ರ ನಿನ್ನಿದು ಬಾಕಿ ಅಂತ ಲೆಕ್ಕ ಇಡಲ್ಲ, ಇವತ್ತಿಂದೇ ಓದೂದು. ಬಾಕಿ ಹೊತ್ಕೊಂಡು ಕುಂತವರು ಒಂದಿನ ಪುಸ್ತಕಾನೇ ಬಿಡ್ತಾರ, ಭಾಳ ಮಂದಿನ್ನ ನೋಡೀನಿ.

ನಮ್ಮತ್ತಿಗಿ ಓದ್ಲಿಕ್ಕೇ ಬರ್ತಿದ್ದಿಲ್ಲ. ನಿಜಾಮರ ಕಾಲದಾಗ ಹುಟ್ಟಿದಾಕಿ, ಸಾಲಿ ಅಂದ್ರ ಆಗ ಉರ್ದು. ಕೇಳಿ ಕೇಳಿ ಬಾಯಿಪಾಠ ಮಾಡಿ, ಬೀಸೂ ಕಲ್ಲಿನ ಮುಂದ ಕುಂತು ಹೇಳ್ತಿದ್ದಳು. ನಮ್ಮ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ಅವರ ತಾಯಿ ಸುಸನ್ನಾಗ 19 ಮಕ್ಕಳು ಹುಟ್ಟಿ 10 ಉಳಿದಿದ್ವು. ಅಷ್ಟು ಮಂದಿ ಮಕ್ಕಳ ನಡುವ ಆಕಿಗಿ ಮೂಲಿ ಎಲ್ಲಿ ಸಿಗಬೇಕು? ಅಡಿಗಿ ಏಪ್ರನ್ ತಲಿ ಮ್ಯಾಲ ಹಾಕ್ಕೊಂಡು ಕುಂತಳಂದ್ರ ಯಾರೂ ಮಾತಾಡಿಸಬಾರ್ದು ಅಂತ ಗೊತ್ತಿತ್ತಂತ. ನಮಗ ಸೆರಗು ಅದಲ್ಲ!

ಆದ್ರ ದಿನಾ ಪ್ರಾರ್ಥನೆ ಮಾಡಿದ್ರ ಸ್ವಭಾವ ತಾನೇ ತಿದ್ದಿಕೊಳ್ತದ ಅಂತ ಮಂದಿ ಅಂತಾರಲ್ಲ, ಅದನ್ನ ನಾ ಅಷ್ಟು ಸಲೀಸಾಗಿ ಒಪ್ಪಲ್ಲ. ಮುಚ್ಚಿಟ್ಟಿದ್ದನ್ನ ಅದು ದಿನಾ ತೆಗೆದು ಮುಂದ ಇಡ್ತದ, ಅಷ್ಟು ನೋಡೀನಿ.

ಹೋದ ವರ್ಷ ಹೊಲದ ಬದುವಿನ ಸಲುವಾಗಿ ನಮ್ಮ ಮನಿಯವರಿಗೂ ಮೈದುನಗೂ ಮಾತು ಬಿಟ್ಟೋಯ್ತು. ಎರಡು ಸಾಲು ತೊಗರಿ ಜಾಗಾ ಇದ್ದೀತು, ಅಷ್ಟೇ. ನಮ್ಮಲ್ಲಿ ರಾತ್ರಿ ಊಟಕ್ಕ ಮೊದ್ಲು ಎಲ್ಲಾರೂ ಕೂಡಿ ಕರ್ತನ ಪ್ರಾರ್ಥನೆ ಹೇಳ್ತೀವಿ. ಬದುವಿನ ಜಗಳಾ ಆದ ರಾತ್ರಿಯಿಂದ, ಕ್ಷಮಾ ಮಾಡೂ ಮಾತು ಬಂತಂದ್ರ ಇವರ ದನಿ ನಿಲ್ತಿತ್ತು. ನಾನೂ ಮಗಳೂ ಹೇಳ್ತಿದ್ವಿ, ಮುಂದಿನ ಮಾತಿಗಿ ಇವರು ಮತ್ತ ಕೂಡ್ತಿದ್ರು. ಒಂದಿನ ಅಲ್ಲ, ಎಂಟು ತಿಂಗಳು.

ನಾ ಬಾಯಿ ಹಾಕ್ಲಿಲ್ಲ. ನಾ ಹೇಳಿದ್ರ ಅದು ಹೆಂಡತಿ ಮಾತಾಗ್ತಿತ್ತು, ಮತ್ತೊಂದು ಜಗಳಾ. ಆದ್ರ ಪ್ರಾರ್ಥನೆ ಮಾತ್ರ ಒಂದ್ ರಾತ್ರಿನೂ ಬಿಡ್ಲಿಲ್ಲ, ಕರೆಂಟ್ ಹೋದ್ರೂ, ಬೀಗರು ಬಂದ್ರೂ. ಬೀಗರ ಮುಂದ ಸುಮ್ಮ ಕುಂಡ್ರೂದು ಇವರಿಗಿ ಭಾಳ ಕಷ್ಟ ಆಯ್ತು, ಮುಖಾ ನೋಡಿದ್ರ ತಿಳೀತಿತ್ತು.

ಈ ಸಲ ತೊಗರಿ ರಾಶಿ ಆದ ಮ್ಯಾಲ ಒಂದ್ ರಾತ್ರಿ ಆ ಮಾತು ಇವರ ಬಾಯಿಂದ ಬಂತು. ಸಣ್ಣ ದನಿಯಾಗ, ನಮಗಿಂತ ಒಂದೀಟು ಹಿಂದ. ಯಾರೂ ತಲಿ ಎತ್ತಲಿಲ್ಲ. ಊಟ ಆದ ಮ್ಯಾಲ, "ಒಂದ್ ಡಬ್ಬಿ ಹೊಸ ಬ್ಯಾಳಿ ಅವರ ಮನಿಗಿ ಕಳಸು" ಅಂದ್ರು. "ಅವರು" ಅಂದ್ರ ಯಾರು ಅಂತ ನಾ ಕೇಳ್ಲಿಲ್ಲ.

ಬದು ಇನ್ನೂ ಹಂಗೇ ಅದ. ಮೈದುನ ಈ ಕಡಿ ಕಾಲಿಟ್ಟಿಲ್ಲ. ನೆಗೆಣ್ಣಿ ಮಾತ್ರ ಮೊನ್ನಿ ಶುಕ್ರವಾರ ಡಬ್ಬಿ ತಿರುಗಿ ಕೊಡ್ಲಿಕ್ಕ ಬಂದಿದ್ದಳು. ನಿಂತೇ ಚಹಾ ಕುಡದು ಹೋದಳು. ಡಬ್ಬಿ ತೆಗೆದು ನೋಡಿದ್ರ ತುಂಬ ಶೇಂಗಾ.