ಮನೆಮಾತೂ ಮಕ್ಕಳ ಆರೋಗ್ಯವೂ

ಮಕ್ಕಳ ಆರೋಗ್ಯವೆಂದೊಡನೆ ಸಂಸಾರಿಗರಾದ ನಮ್ಮ ಮನಸ್ಸು ಹಾಲು, ತುಪ್ಪ, ಹರಳೆಣ್ಣೆಗಳ ಕಡೆಗೆ ಓಡುವುದು ಸಹಜವೇ ಸರಿ. ಆದರೆ ಹೊಟ್ಟೆ ತುಂಬಿದ ಕೂಸೂ ಬಾಡುವುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ಲ್ಯಾಟಿನೋ ಮಕ್ಕಳ ವೃತ್ತಾಂತವನ್ನೋದಿದಾಗ ಈ ಮಾತು ನಮಗೆ ಮನದಟ್ಟಾಯಿತು. ಮೆಕ್ಸಿಕೋ, ಪೋರ್ಟೊರಿಕೋ ಮೊದಲಾದ ನಾಡುಗಳ ಮೂಲದವರಿಗೆ ಅಲ್ಲಿ ಆ ಹೆಸರು. ಅವರಲ್ಲಿ ಬಹುಮಂದಿಯ ಹಿರಿಯರ ಮನೆಮಾತು ಸ್ಪ್ಯಾನಿಷ್.

ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ, 1940ರ ದಶಕದ ಮೊದಲ ಭಾಗದಲ್ಲಿ, ಗೊನ್ಸಾಲೊ ಮೆಂಡೆಜ್ ಮತ್ತು ಫೆಲಿಸಿತಾಸ್ ದಂಪತಿಗಳು ಗುತ್ತಿಗೆಯ ಹೊಲದಲ್ಲಿ ಬೇಸಾಯ ಮಾಡಿಕೊಂಡಿದ್ದರು. ಒಂದು ದಿನ ಗೊನ್ಸಾಲೊ ಅವರ ಸಹೋದರಿಯು ತನ್ನ ಮಕ್ಕಳನ್ನೂ ಸಹೋದರನ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಶಾಲೆಗೆ ಸೇರಿಸಹೋದಳು. ಆಕೆಯ ಮಕ್ಕಳದು ಬಿಳುಪು ಮೈಬಣ್ಣ, ಮನೆತನದ ಹೆಸರೂ ಸ್ಪ್ಯಾನಿಷ್‌ನಂತೆ ಕೇಳಿಸದು, ಅವರಿಗೆ ಪ್ರವೇಶವಾಯಿತು. ಮೆಂಡೆಜ್ ಮಕ್ಕಳನ್ನು ಮಾತ್ರ ಮೆಕ್ಸಿಕನ್ನರ ಶಾಲೆಗೆ ಹೋಗುವಂತೆ ತಿಳಿಸಿದರು. ಆ ಸೋದರತ್ತೆ ಏನು ಮಾಡಿದಳು ಬಲ್ಲಿರಾ? ತನ್ನ ಮಕ್ಕಳನ್ನೂ ಅಲ್ಲಿ ಬಿಡದೆ ಎಲ್ಲರನ್ನೂ ಮನೆಗೆ ಕರೆತಂದಳು. ಇಂತಹ ಅತ್ತೆಯೊಬ್ಬಳು ಪ್ರತಿಯೊಂದು ಕುಟುಂಬದಲ್ಲಿಯೂ ಇರಬೇಕು!

ಮೆಕ್ಸಿಕನ್ನರ ಶಾಲೆಯ ಪಕ್ಕದಲ್ಲಿ ದನ ಮೇಯುವ ಬಯಲಿತ್ತೆಂದು ಹಿರಿಯ ಮಗಳು ಸಿಲ್ವಿಯಾ ಮುಂದೆ ನೆನೆದಿದ್ದಾರೆ. ಬಿಳಿಯರ ಶಾಲೆಯಲ್ಲಾದರೋ ಆಟದ ಅಂಗಳವಿತ್ತು, ಉಯ್ಯಾಲೆಯಿತ್ತು. ಆ ಎಳೆಯ ವಯಸ್ಸಿನಲ್ಲಿ ತಂದೆತಾಯಿಯರು ಹೋರಾಡುವುದು ಆ ಅಂಗಳಕ್ಕಾಗಿಯೇ ಎಂದು ಆ ಹುಡುಗಿ ಭಾವಿಸಿದ್ದಳಂತೆ.

1945ರಲ್ಲಿ ಗೊನ್ಸಾಲೊ ಅವರು ಬೇರೆ ನಾಲ್ವರು ತಂದೆಯರೊಡನೆ ಸೇರಿ ನ್ಯಾಯಾಲಯಕ್ಕೆ ದಾವೆ ಹೂಡಿದರು. ಮಕ್ಕಳಿಗೆ ಇಂಗ್ಲಿಷ್ ಬಾರದು, ಆದುದರಿಂದ ಪ್ರತ್ಯೇಕಿಸಿದ್ದೇವೆ ಎಂಬುದು ಶಾಲಾಧಿಕಾರಿಗಳ ಸಮಾಧಾನ. ಭಾಷಾಜ್ಞಾನವನ್ನು ಸರಿಯಾಗಿ ಪರೀಕ್ಷಿಸಿದ್ದರೋ? ಅದೂ ಇಲ್ಲ, ಹೆಸರನ್ನೂ ಮುಖವನ್ನೂ ನೋಡಿ ವಿಂಗಡಿಸಿದ್ದರು. 1946ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಮೆಕಾರ್ಮಿಕ್ ಅವರು ತೀರ್ಪಿತ್ತು, ಬೇರ್ಪಡಿಕೆಯಿಂದ ಇಂಗ್ಲಿಷ್ ಕಲಿಕೆಗೇ ಅಡ್ಡಿಯಾಗುವುದೆಂದೂ, ಇಲ್ಲದ ಕೀಳುತನವನ್ನು ಮಕ್ಕಳ ಮೇಲೆ ಹೊರಿಸಿದಂತಾಗುವುದೆಂದೂ ಹೇಳಿದರು. ಮರುವರ್ಷ ಮೇಲಿನ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು.

ಇಷ್ಟರಿಂದ ಭಾಷೆಯ ತೊಡಕು ಬಿಡಲಿಲ್ಲ. 1998ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಮತದಾರರು ಶಾಲೆಗಳಲ್ಲಿ ಎರಡು ಭಾಷೆಯ ಬೋಧನೆಯನ್ನು ಬಹುಮಟ್ಟಿಗೆ ತಡೆದರು. 2016ರಲ್ಲಿ ಅವರೇ ಆ ತಡೆಯನ್ನು ಸಡಿಲಿಸಿದರು. ಒಂದು ಮಗು ಶಾಲೆ ಮುಗಿಸುವಷ್ಟು ಕಾಲಕ್ಕಿಂತಲೂ ಇದು ದೀರ್ಘವಲ್ಲವೇ? ಶಾಲೆಯ ಭಾಷೆ ಕಲಿಯಲೆಂದು ಮನೆಯ ಭಾಷೆಗೆ ನಾಚಿಕೊಳ್ಳಬೇಕೆಂಬುದನ್ನು ನಾವು ಒಪ್ಪೆವು. ಕನ್ನಡವಾಡಿದ್ದಕ್ಕೆ ದಂಡ ತೆತ್ತ ಮಕ್ಕಳು ನಮ್ಮ ನಾಡಿನಲ್ಲಿಯೂ ಇದ್ದಾರೆ. ಅಂತಹವರ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಯ್ಯಾಲೆಯನ್ನಾಸೆಪಟ್ಟ ಸಿಲ್ವಿಯಾ ಬೆಳೆದು ದಾದಿಯಾಗಿ ಬಹುಕಾಲ ರೋಗಿಗಳ ಶುಶ್ರೂಷೆ ಮಾಡಿದರು. ಬಿಡುವಾದ ಮೇಲೆ ಶಾಲೆಯಿಂದ ಶಾಲೆಗೆ ಹೋಗಿ ತಂದೆತಾಯಿಯರ ಕಥೆಯನ್ನು ಮಕ್ಕಳಿಗೆ ಹೇಳತೊಡಗಿದರು. 2011ರಲ್ಲಿ ಅಧ್ಯಕ್ಷ ಒಬಾಮಾ ಅವರ ಕೊರಳಿಗೆ ದೇಶದ ಸ್ವಾತಂತ್ರ್ಯಪದಕವನ್ನು ತೊಡಿಸಿದರು.