ಓದ್ಬುಟ್ಟು ಏನಾಯ್ತೀಯ?

ಬಿ.ಎ.ಗೆ ಸಮಾಜಶಾಸ್ತ್ರವನ್ನು ನಾವು ಬೇಕೆಂದು ಆರಿಸಿಕೊಂಡವರಲ್ಲ. ಸಿಕ್ಕಿದ್ದು ಅದು, ಸೇರಿದೆವು. ಯಲಿಯೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಂಡ್ಯಕ್ಕೆ ಹೋಗಿಬಂದ ಮೂರು ವರ್ಷವೂ ನಮ್ಮ ಅವ್ವಂದಿರು ಕೇಳಿದ್ದು ಒಂದೇ: 'ಅದೇನ್ಲಾ ಸಮಾಜಶಾಸ್ತ್ರ ಅಂದ್ರೆ? ಓದ್ಬುಟ್ಟು ಏನಾಯ್ತೀಯ?' ಕಬ್ಬು ಕಡಿದು ಫೀಸು ಕಟ್ಟಿದವರ ಪ್ರಶ್ನೆ. ನಮ್ಮ ಹತ್ತಿರ ಉತ್ತರವಿರಲಿಲ್ಲ. ಪಾಠ ಹೇಳುವವರ ಹತ್ತಿರವೂ ಇರಲಿಲ್ಲ. ಅವರು ನೋಟ್ಸ್ ಬರೆಸಿದರು, ನಾವು ಬರೆದೆವು. ಜಾತಿಯ ಲಕ್ಷಣಗಳನ್ನು ವಿವರಿಸಿ, ಹತ್ತು ಅಂಕ. ಕೇರಿಯಲ್ಲಿ ಹುಟ್ಟಿದವರಿಗೆ ಜಾತಿಯ ಲಕ್ಷಣ ಬಾಯಿಪಾಠ!

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ನೋಡಿ, 1976ರಲ್ಲಿ ಅದರ ಪುಸ್ತಕ ತಂದರು. ಅವರು ಇಳಿದುಕೊಂಡಿದ್ದು ಪಟೇಲರ ಕಡೆಯ ಮನೆಯಲ್ಲಿ. ಅಲ್ಲಿಂದ ಕೇರಿ ಎಷ್ಟು ಕಂಡೀತು? ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬಾಕೆ 1950ರ ದಶಕದಲ್ಲಿ ನಮ್ಮ ಮಂಡ್ಯಕ್ಕೇ ಬಂದು, ನಾಲೆ ನೀರು ಹರಿದ ಹಳ್ಳಿ ಒಂದು, ಹರಿಯದ ಹಳ್ಳಿ ಇನ್ನೊಂದು, ಎರಡನ್ನೂ ಹೋಲಿಸಿ 1962ರಲ್ಲಿ ಪುಸ್ತಕ ಬರೆದರು. ನಮ್ಮ ಹಳ್ಳಿಗಳು ಅವರಿಗೆ ವಿದ್ವತ್ತಾದವು. ನಮಗೆ ಎಸ್.ಡಿ.ಎ. ಅರ್ಜಿಯಾದವು. ಅರ್ಜಿ ಹಾಕುವುದು ತಪ್ಪಲ್ಲ, ಕೇರಿಯಲ್ಲಿ ತಾರಸಿ ಮನೆ ಎದ್ದಿದ್ದೇ ಸರ್ಕಾರಿ ಸಂಬಳದಿಂದ. ಆದರೆ ಎಂ.ಎಸ್.ಡಬ್ಲ್ಯು. ಎಂಬುದೊಂದಿದೆ, ಐ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಿ ಇದೇ ಸಮಾಜಶಾಸ್ತ್ರ ತಗೊಂಡ್ರೆ 500 ಅಂಕವಿದೆ ಎಂದು ನಮಗೆ ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ.

2025ರ ಮೇ ತಿಂಗಳು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಗಣತಿ. ಮೊಬೈಲ್ ಹಿಡಿದು ಕೇರಿಗೆ ಬಂದ ಮೇಷ್ಟ್ರು ಜಗಲಿಯಲ್ಲಿದ್ದ ತಾತನನ್ನು ಕೇಳಿದರು.

'ಜಾತಿ?'

'ಎ.ಕೆ. ಅಂತ ಬರ್ಕಳಿ.'

'ಅದ್ರೊಳ್ಗೆ ಯಾವ್ದು ಯಜಮಾನ್ರೇ?'

ತಾತ ನೆಲ ನೋಡಿದ. ಊರವರ ಬಾಯಲ್ಲಿ ಬೈಗುಳವಾಗಿ ಕೇಳಿದ ಹೆಸರನ್ನು ತನ್ನ ಬಾಯಿಂದಲೇ ಹೇಳಬೇಕು. ನಾವು ಪಕ್ಕ ಕೂತೆವು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು, ಈ ಹೆಸರು ಯಾಕೆ ಬೇಕು, ನಿಧಾನಕ್ಕೆ ಹೇಳಿದೆವು. ಎಲೆಅಡಿಕೆ ಉಗಿದು ಬಂದು ತಾತ ಹೆಸರು ಹೇಳಿದ. ಆಮೇಲೆ, 'ಮೊಮ್ಮಗಳ ಕೆಲ್ಸಕ್ಕೆ ಅನುಕೂಲ ಆಯ್ತದಾ?' ಅಂದ. ಆಯ್ತದೆ ಅನ್ನುವ ಧೈರ್ಯ ನಮಗೆ ಬರಲಿಲ್ಲ.

ಇಂಥ ಪ್ರಶ್ನೆಯನ್ನು ಹೇಗೆ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಯಾವ ನೋಟ್ಸಿನಲ್ಲೂ ಇರಲಿಲ್ಲ. ಅದೇ ಕಸುಬು ಅಲ್ಲವೇ? ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಮೇಲೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ನಮ್ಮದೇ ವಯಸ್ಸು.

ಈಗ ಭಾನುವಾರ ಭಾನುವಾರ ಮೊದಲ ವರ್ಷದ ಹುಡುಗ ಹುಡುಗೀರನ್ನು ಕೂರಿಸಿಕೊಳ್ಳುತ್ತೇವೆ. ಮನೆಮನೆಗೆ ಹೋಗಿ ಕೇಳಿ ಬರೆಯುವುದು, ಬರೆದದ್ದನ್ನು ಕೇರಿಯವರಿಗೇ ಓದಿ ಹೇಳುವುದು, ಮಾಹಿತಿ ಹಕ್ಕಿನ ಅರ್ಜಿ, ಪಂಚಾಯ್ತಿ ಲೆಕ್ಕ ಓದುವುದು, ಜೊತೆಗೆ ಪರೀಕ್ಷೆಗಳ ತಾರೀಖು. ಹೋದ ವಾರ ಅರ್ಧದಲ್ಲೇ ನಿಲ್ಲಿಸಿದೆವು. ಮೂವರು ಹುಡುಗೀರ ಜಾತಿ-ಆದಾಯ ಸರ್ಟಿಫಿಕೇಟು ನಾಡಕಚೇರಿಯಲ್ಲಿ ಇನ್ನೂ ಆಗಿಲ್ಲ, ವಿದ್ಯಾರ್ಥಿವೇತನಕ್ಕೆ ನಾಲ್ಕು ದಿನ ಉಳಿದಿತ್ತು. ಸೋಮವಾರ ಬೆಳಗ್ಗೆ ಅವರ ಜೊತೆ ನಾವೂ ಹೋಗಿ ಸಾಲಿನಲ್ಲಿ ನಿಂತೆವು.