ಹೆಳವರ ಹೊತ್ತಿಗೆಯೂ ಹತ್ತಿಯ ಕಡ್ಡಿಯೂ

ಕಳೆದ ವರ್ಷದ ಕಾರ್ತಿಕ ಮಾಸ. ಸಂಜೆಯ ಪೂಜೆ ಮುಗಿಸಿ ಹಿರಿಯೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಹೊಳಲ್ಕೆರೆಯಿಂದ ನನ್ನ ಅಕ್ಕನ ಮಗ ಬಂದ. ಜೊತೆಯಲ್ಲಿ ಹೆಂಡತಿ ಇರಲಿಲ್ಲ, ಆರು ವರ್ಷದ ಮಗನೊಬ್ಬನೇ ಇದ್ದ. ಹುಡುಗ ಹಿತ್ತಲಿಗೆ ಓಡಿದ ಮೇಲೆ ಇವನು ಚೀಲದಿಂದ ಒಂದು ಸಣ್ಣ ಪೆಟ್ಟಿಗೆಯನ್ನು ತೆಗೆದು ನನ್ನ ಮುಂದಿಟ್ಟ. ಕೊರಿಯರಿನಲ್ಲಿ ತರಿಸಿಕೊಂಡದ್ದು. ಒಳಗೆ ತುದಿಗೆ ಹತ್ತಿ ಸುತ್ತಿದ ಉದ್ದನೆಯ ಕಡ್ಡಿಗಳು, ಕಾಗದದ ಲಕೋಟೆಗಳು, ತುಂಬಬೇಕಾದ ಒಂದು ಅರ್ಜಿ.

"ಚಿಕ್ಕಮ್ಮ, ನೀವು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವರು. ಇವನ ಕೆನ್ನೆಯ ಒಳಗಿನಿಂದ ಮಾದರಿ ತೆಗೆದುಕೊಡಿ. ಆಟ ಎಂದರೆ ಬಾಯಿ ತೆರೆಯುತ್ತಾನೆ. ಅವಳಿಗೆ ತಿಳಿಯುವುದು ಬೇಡ" ಎಂದ.

ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ, "ಮಗು ಅಪ್ಪನನ್ನೂ ಹೋಲುವುದಿಲ್ಲ, ಅಜ್ಜನನ್ನೂ ಹೋಲುವುದಿಲ್ಲ" ಎಂದಿದ್ದರಂತೆ. ಆಡಿದವರು ಎಲೆ ಎತ್ತುವ ಹೊತ್ತಿಗೆ ಮರೆತಿರಬೇಕು. ಇವನು ಮಾತ್ರ ಒಂದು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದ.

ನಾನು ಉಪಾಧ್ಯಾಯಿನಿಯಾಗಿದ್ದವಳು. ಕೇಳಿದ ತಕ್ಷಣ ಪಾಠಕ್ಕೆ ತೊಡಗಿದೆ. ನಮ್ಮ ವರ್ಣತಂತುಗಳಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಅವುಗಳ ಕೆಲವು ತಾಣಗಳಲ್ಲಿ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಪ್ರಯೋಗಾಲಯದವರು ಇಂತಹ ಇಪ್ಪತ್ತರ ಆಸುಪಾಸಿನ ತಾಣಗಳಲ್ಲಿ ಈ ಎಣಿಕೆಯನ್ನು ನೋಡುತ್ತಾರೆ. ಪ್ರತಿ ತಾಣದಲ್ಲೂ ಮಗುವಿನ ಎರಡು ಎಣಿಕೆಗಳ ಪೈಕಿ ಒಂದು ತಂದೆಯದಾಗಿರಬೇಕು. ಹಲವು ಕಡೆ ಹೊಂದದಿದ್ದರೆ ಆತ ತಂದೆಯಲ್ಲ. ಒಂದೇ ಕಡೆ ತಪ್ಪಿದರೆ ಅಷ್ಟರಿಂದಲೇ ಹಾಗೆ ಹೇಳಲಾಗದು, ಸಹಜವಾದ ಮಾರ್ಪಾಟಿನಿಂದಲೂ ಅದು ಆಗಬಹುದು. ಎಲ್ಲ ಹೊಂದಿದರೆ ಶೇಕಡಾ 99.9ಕ್ಕೂ ಮೇಲೆ ಎಂದು ವರದಿ ಬರುತ್ತದೆ. ಅಣ್ಣತಮ್ಮಂದಿರ ಸಂಬಂಧವನ್ನು ತಂದೆತಾಯಿಗಳ ಮಾದರಿಯಿಲ್ಲದೆ ನೋಡಹೊರಟರೆ ಉತ್ತರ ಇಷ್ಟು ಖಚಿತವಾಗಿರುವುದಿಲ್ಲ. ಅವರು ಸರಾಸರಿ ಅರ್ಧದಷ್ಟು ಹಂಚಿಕೊಂಡಿರುತ್ತಾರೆ, ಆದರೆ ಆ ಅರ್ಧ ಹೆಚ್ಚುಕಡಿಮೆಯಾಗುತ್ತದೆ. ಗಂಡುಮಕ್ಕಳಿಗೆ ತಂದೆಯಿಂದ ಬರುವ ವೈ ವರ್ಣತಂತುವಂತೂ ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರಲ್ಲೂ ಒಂದೇ. ಮನೆತನವನ್ನು ಅದು ತೋರಿಸೀತು, ತಂದೆ ಇವನೇ ಎಂದು ಬೆರಳಿಟ್ಟು ತೋರಿಸದು. ಇನ್ನು ಮುಖದ ಹೋಲಿಕೆಯ ಮಾತೇ? ಮುತ್ತಜ್ಜಿಯ ಮೂಗು ಎರಡು ತಲೆಮಾರು ಅಡಗಿದ್ದು ಮರಿಮಗನಲ್ಲಿ ಕಾಣಿಸಿಕೊಂಡದ್ದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಬಗೆಯನ್ನೂ ಹೇಳಿದೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಲೆಕ್ ಜೆಫ್ರೀಸ್ ಇದನ್ನು ಕಂಡುಹಿಡಿದರು. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ ಲಾಲ್ಜಿ ಸಿಂಗ್ ಅವರು, ಪಟ್ಟೆಗಳುಳ್ಳ ಕಟ್ಟುಹಾವಿನಲ್ಲಿ ದೊರೆತ ಡಿ.ಎನ್.ಎ. ತುಣುಕಿನ ನೆರವಿನಿಂದಲೇ ಮನುಷ್ಯರ ಸಂಬಂಧವನ್ನು ಗುರುತಿಸುವ ಕ್ರಮವನ್ನು ರೂಪಿಸಿದರು. ಕೇರಳದ ತಲಶ್ಶೇರಿಯ ತಾಯಿಯೊಬ್ಬಳು ಮಗುವಿಗೆ ಜೀವನಾಂಶ ಕೇಳಿದಾಗ, ತಾನು ತಂದೆಯಲ್ಲವೆಂದ ಗಂಡಸಿನ ಮಾತನ್ನು ಸುಳ್ಳಾಗಿಸಿದ್ದು ಆ ಕೇಂದ್ರದ ಪರೀಕ್ಷೆಯೇ. 1991ರಲ್ಲಿ ಕೇರಳ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಈ ಪರೀಕ್ಷೆ ಮೊದಲು ನಿಂತದ್ದು ತಾಯಿಯ ಪಕ್ಕದಲ್ಲಿ.

"ನನಗೆ ಕೋರ್ಟು ಬೇಡ, ಸಮಾಧಾನ ಬೇಕು" ಎಂದ ಅವನು.

ಸಮಾಧಾನವನ್ನು ಹುಡುಕಿ ಹೊರಟವರೂ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಪುಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆದ ಪ್ರಕರಣವೊಂದರಲ್ಲಿ ಗಂಡ ಹೀಗೆಯೇ ಖಾಸಗಿಯಾಗಿ ಮಗುವಿನ ಪರೀಕ್ಷೆ ಮಾಡಿಸಿದ್ದ. ವರದಿ ಅವನಿಗೆ ವಿರುದ್ಧವಾಗಿತ್ತು. ಅದನ್ನು ಹಿಡಿದು ವಿಚ್ಛೇದನಕ್ಕಾಗಿ ಮತ್ತೊಮ್ಮೆ ಮಗುವಿನ ಪರೀಕ್ಷೆಯಾಗಲೆಂದು ಕೇಳಿದ. ಕೆಳಗಿನ ಎರಡು ನ್ಯಾಯಾಲಯಗಳೂ ಒಪ್ಪಿದವು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅದು. ಗಂಡಹೆಂಡಿರ ವ್ಯಾಜ್ಯದಲ್ಲಿ ಮಗುವನ್ನು ಸಾಕ್ಷ್ಯದ ವಸ್ತುವಾಗಿಸಬಾರದು, ತನ್ನ ಹುಟ್ಟನ್ನು ಯಾರೂ ಹಗುರವಾಗಿ ಪ್ರಶ್ನಿಸದಂತೆ ಇರುವ ಹಕ್ಕು ಮಗುವಿಗಿದೆ ಎಂಬುದು ಅಲ್ಲಿನ ನಿಲುವು. 1872ರ ಸಾಕ್ಷ್ಯ ಕಾಯಿದೆಯ 112ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಿಗೆ ಬಂದಿರುವ ನಿಯಮವೂ ಇದನ್ನೇ ಕಾಯುತ್ತದೆ. ದಾಂಪತ್ಯ ಇರುವಾಗ ಹುಟ್ಟಿದ ಮಗು ಆ ದಂಪತಿಗಳದೇ. ಆ ಕಾಲದಲ್ಲಿ ಅವರಿಬ್ಬರೂ ಕೂಡಿರಲು ಅವಕಾಶವೇ ಇರಲಿಲ್ಲವೆಂದು ತೋರಿಸಿದ ಹೊರತು ಅದು ಅಲುಗದು. ಅಲ್ಲದೆ ಮನೆಯಲ್ಲೇ ತೆಗೆದು ಅಂಚೆಯಲ್ಲಿ ಕಳಿಸಿದ ಕಡ್ಡಿ ಯಾರ ಕೆನ್ನೆಯದು ಎಂಬುದಕ್ಕೆ ಸಾಕ್ಷಿ ಯಾರು?

ಅವನು ಮಾತನಾಡಲಿಲ್ಲ. ಹಿತ್ತಲಿನಿಂದ ಹುಡುಗ ನೀರು ಎರಚುವ ಸದ್ದು ಕೇಳುತ್ತಿತ್ತು. ಆಗ ನಾನು, ಮನೆಯ ಹೊರಗೆ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದೆ.

ನನಗೆ ಹತ್ತು ವರ್ಷವಿರಬಹುದು. ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗೆ ಹೆಳವರು ಬಂದರು. ಈಗಿನ ಮಕ್ಕಳು ಅವರನ್ನು ಕಂಡಿರಲಾರರು. ಎತ್ತಿನ ಮೇಲೆ ಕುಳಿತು ಬರುತ್ತಿದ್ದರು, ಬಾಗಿಲಲ್ಲಿ ನಿಂತು ಮನೆತನದ ಮೂಲ, ಬೆಡಗು, ತಲೆಮಾರುಗಳ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದರು. ಆ ದಿನ ಹೆಳವ ಮುತ್ತಜ್ಜನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ, ಉಸಿರು ಕಡಿಯದೆ ನಮ್ಮ ತಂದೆಯವರ ಹೆಸರು ಹೇಳಿದ. ನಾನು ಬೆರಗಾದೆ. ಏಕೆಂದರೆ ತಂದೆಯವರು ಹುಟ್ಟಿದ್ದು ಹೊಸದುರ್ಗದ ಕಡೆಯ ಬೇರೊಂದು ಮನೆಯಲ್ಲಿ. ಅಜ್ಜನಿಗೆ ಮಕ್ಕಳಿಲ್ಲದೆ, ಅಜ್ಜಿಯ ತಂಗಿಯ ಮಗನನ್ನು ಮೂರನೆಯ ವಯಸ್ಸಿನಲ್ಲಿ ದತ್ತು ತಂದಿದ್ದರು. ಅದು ಮನೆಯವರಿಗಷ್ಟೇ ಗೊತ್ತಿದ್ದ ವಿಷಯ.

"ಹೆಳವನಿಗೆ ಗೊತ್ತಿಲ್ಲವೇ ಅಪ್ಪಾ?" ಎಂದು ಆಮೇಲೆ ಕೇಳಿದೆ.

"ಗೊತ್ತಿದೆ. ನನ್ನನ್ನು ತಂದ ವರ್ಷವೇ ಅಜ್ಜನವರು ಅವನ ತಂದೆಗೆ ಒಂದು ಕಂಬಳಿ, ಒಂದು ಚೀಲ ರಾಗಿ ಕೊಟ್ಟು ಹೊತ್ತಿಗೆಯಲ್ಲಿ ಬರೆಸಿದರು" ಎಂದು ತಂದೆಯವರು ನಕ್ಕರು.

ಅಜ್ಜನವರು ಲಿಂಗೈಕ್ಯರಾದಾಗ ಸಮಾಧಿಗೆ ಮೊದಲ ಹಿಡಿ ಮಣ್ಣು ಹಾಕಿದವರು ತಂದೆಯವರು. ಹತ್ತಿಯ ಕಡ್ಡಿ ಅಂದು ಇದ್ದಿದ್ದರೆ, ಇವರಿಬ್ಬರಿಗೂ ಯಾವ ಸಂಬಂಧವೂ ಇಲ್ಲ ಎಂದು ಹೇಳುತ್ತಿತ್ತು. ಅದು ಸುಳ್ಳನ್ನೂ ಹೇಳಿದಂತಾಗುತ್ತಿರಲಿಲ್ಲ.

ಅಕ್ಕನ ಮಗ ಪೆಟ್ಟಿಗೆಯನ್ನು ನನ್ನಲ್ಲೇ ಬಿಟ್ಟು ಹೋದ. ಒಳ್ಳೆಯ ಕೆಲಸ ಮಾಡಿದೆನೆಂದು ನಾನೂ ನೆಮ್ಮದಿಯಿಂದಿದ್ದೆ.

ಸಂಕ್ರಾಂತಿಯ ಮರುದಿನ ಅವನ ಹೆಂಡತಿ ಒಬ್ಬಳೇ ಬಂದಳು. ಎಳ್ಳುಬೆಲ್ಲ ಕೊಟ್ಟು, ನಮಸ್ಕರಿಸಿ, ಕುಳಿತುಕೊಳ್ಳದೆಯೇ ಹೇಳಿದಳು: "ಅತ್ತೆ, ಆ ಪೆಟ್ಟಿಗೆ ನಿಮ್ಮಲ್ಲಿದೆಯಂತೆ, ಕೊಡಿ. ಕಂಪನಿಯವರ ಸಂದೇಶ ಅವರ ಫೋನಿನಲ್ಲಿ ನೋಡಿದೆ. ನಾನೇ ಮಗನನ್ನು ಕೂರಿಸಿಕೊಂಡು ಮಾಡಿಸುತ್ತೇನೆ. ಏನು ಬರುತ್ತದೆಂದು ನನಗೆ ಗೊತ್ತು. ಬಂದ ಮೇಲೆ ಅವರಿಗೆ ಸಮಾಧಾನವಾಗುತ್ತದೆ. ನನಗೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ವರ್ಣತಂತು, ಕಲಮು, ತೀರ್ಪು, ನಮ್ಮ ತಂದೆಯವರ ಕಥೆ ಎಲ್ಲವನ್ನೂ ಹೇಳಿದ ನಾನು, ಅವಳ ಮೇಲೆ ಅನುಮಾನಪಡಲು ನಿನಗೆ ಏನು ಕಾರಣ ಕಂಡಿದೆ ಎಂದು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ದತ್ತಿನ ಕಥೆಯನ್ನು ಹೇಳಿ ಅವನನ್ನು ಸಂತೈಸುವಾಗ, ಅವನ ಸಂಶಯವನ್ನು ನಾನೂ ಅರ್ಧ ಒಪ್ಪಿಕೊಂಡಂತೆ ಆಯಿತಲ್ಲವೇ ಎಂದು ಅಂದು ಹೊಳೆಯಿತು. ಪೆಟ್ಟಿಗೆಯನ್ನು ಕೊಡಲಿಲ್ಲ. ಅವಳು ಇನ್ನೊಮ್ಮೆ ಕೇಳಲೂ ಇಲ್ಲ. ನೀರು ಕುಡಿದು ಮಧ್ಯಾಹ್ನದ ಬಸ್ಸಿಗೆ ಹೊರಟಳು.

ರಾತ್ರಿ ಅವನಿಗೆ ಫೋನು ಮಾಡಿ, ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. ಬಹಳ ಹೊತ್ತಿನ ಮೇಲೆ, "ಏನೂ ಇಲ್ಲ ಚಿಕ್ಕಮ್ಮ" ಎಂದ. "ಅದನ್ನು ನನಗಲ್ಲ, ಅವಳಿಗೆ ಹೇಳು" ಎಂದೆ. ಹೇಳಿದನೋ ಇಲ್ಲವೋ ನಾನು ವಿಚಾರಿಸಿಲ್ಲ.

ಮಾಘದಲ್ಲಿ ನಮ್ಮೂರ ತೇರುಮಲ್ಲೇಶ್ವರನ ರಥೋತ್ಸವಕ್ಕೆ ಮೂವರೂ ಬಂದಿದ್ದರು. ಹುಡುಗ ಅಪ್ಪನ ಹೆಗಲೇರಿ ತೇರಿನತ್ತ ಬಾಳೆಹಣ್ಣು ಎಸೆಯುತ್ತಿದ್ದ. ಅವಳು ಅವರಿಬ್ಬರಿಂದ ನಾಲ್ಕು ಹೆಜ್ಜೆ ಹಿಂದೆ, ನನ್ನ ಪಕ್ಕದಲ್ಲಿ ನಡೆದಳು.